ಐವತ್ತು ಮಿಲಿಮೀಟರ್ ನಸುಕು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಿದರೂ ಅದರಲ್ಲಿ ನಾನು ಇರುವುದಕ್ಕಿಂತ ಸ್ವಲ್ಪ ಒಳ್ಳೆಯವನಾಗಿ ಕಾಣುತ್ತೇನೆ. ತೊಂದರೆ ಇರುವುದೇ ಅಲ್ಲಿ.

ಜಿಂಕೆಯಿಂದ ಶುರು ಮಾಡಿ ನೋಡಿದೆ. ‘ಉಸಗಾಂವದ ಗಣಿಯ ಹಿಂದಿನ ಗುಡ್ಡದಿಂದ ನಸುಕಿನಲ್ಲಿ ಜಿಂಕೆಗಳು ನೀರಿಗೆ ಇಳಿಯುತ್ತವೆ.’ ಚೆಂದದ ವಾಕ್ಯ. ಅಷ್ಟು ಚೆಂದವಿದ್ದುದರಿಂದಲೇ ಅಳಿಸಿದೆ. (ಈ ಕಥೆಯಲ್ಲಿ ಒಂದು ಜಿಂಕೆಯೂ ಸಾಯುವುದಿಲ್ಲ. ಪ್ರಾಣಿಪ್ರಿಯರು ನಿಶ್ಚಿಂತೆಯಿಂದ ಓದಬಹುದು.)

ಸಂಗತಿಯಿಂದಲೇ ಶುರು ಮಾಡೋಣ. ಎರಡು ಸಾವಿರದ ಏಳರ ಡಿಸೆಂಬರ್. ಸತ್ಯವ್ವ, ವಯಸ್ಸು ಮೂವತ್ತೆಂಟು, ವಿಜಯಪುರದ ಕಡೆಯವಳು, ಪಣಜಿ ಕಡೆಯ ಉಸಗಾಂವದ ಗಣಿಯಲ್ಲಿ ಕಬ್ಬಿಣದ ಅದಿರು ಆರಿಸುವ ಕೂಲಿ. ಒಂದು ಬೆಳಿಗ್ಗೆ, ಇನ್ನೂ ಬೆಳಕು ಹರಿಯುವ ಮೊದಲು, ತಂಬಿಗೆ ಹಿಡಿದು ಬಯಲಿಗೆ ಹೋದಳು. ಗುಂಡು ತಗುಲಿ ಸತ್ತಳು. ಕಾಗದದಲ್ಲಿ ಮಾತ್ರ ಅವಳು ಕಾಲು ಜಾರಿ ಹಳೆಯ ಗಣಿಹೊಂಡಕ್ಕೆ ಬಿದ್ದು ಸತ್ತಿದ್ದಾಳೆ. ಬೆಳಿಗ್ಗೆಯೇ ಟ್ರಕ್ಕಿನಲ್ಲಿ ದೇಹವನ್ನು ಊರಿಗೆ ಸಾಗಿಸಿ, ಅಂದು ರಾತ್ರಿಯೇ ಮಣ್ಣು ಮಾಡಿದರು. ಸುಟ್ಟಿಲ್ಲ, ಹೂಳಿದ್ದಾರೆ. ಆದ್ದರಿಂದ ಆ ಗುಂಡು ಈಗಲೂ ಅಲ್ಲೇ ಇದೆ.

ಅವಳ ಗಂಡ ದೇವಪ್ಪ ಈಗ ಪಣಜಿಯಲ್ಲಿ ನಮ್ಮ ಅಂಗಡಿಯ ಹೊರಗಿನ ಬೆಂಚಿನ ಮೇಲೆ ಕೂತಿದ್ದಾನೆ. ಹೂಳಿದ್ದನ್ನು ತೆಗೆದು ನೋಡಿ ಎಂದು ಕೇಳುವ ಅರ್ಜಿ ಬರೆಸಲು ಬಂದಿದ್ದಾನೆ. ಒಂದೇ ಪುಟದ ಅರ್ಜಿ. ಬೆಳಿಗ್ಗೆ ಹತ್ತಕ್ಕೆ ಬಂದವನು. ಈಗ ನಾಲ್ಕಾಗುತ್ತಾ ಬಂತು.

ನಾನು ಒಳಗೆ ಕೂತು ಕಥೆ ಬರೆಯುತ್ತಿದ್ದೇನೆ.

೨

ನನ್ನ ಹೆಸರು ನಿಮಗೆ ಬೇಕಿಲ್ಲ. ಉತ್ತಮ ಪುರುಷದಲ್ಲಿ ಬರೆಯುವುದರ ದೊಡ್ಡ ಅನುಕೂಲವೇ ಅದು: ‘ನಾನು’ ಎಂದರೆ ಸಾಕು, ಯಾರೂ ಗುರುತಿನ ಚೀಟಿ ಕೇಳುವುದಿಲ್ಲ. ಧಾರವಾಡದಲ್ಲಿ ಬಿ.ಎಸ್ಸಿ. ಮಾಡಿದ್ದೇನೆ, ಭೌತಶಾಸ್ತ್ರ. ಆರು ವರ್ಷದಿಂದ ಶಿವಲಿಂಗಪ್ಪ ಮಾಲಕರ ಅಂಗಡಿಯಲ್ಲಿ ಕೆಲಸ. ಅವರೂ ಧಾರವಾಡದವರೇ. ಕನ್ನಡಕ, ದುರ್ಬೀನು, ಭೂತಗನ್ನಡಿ ಮಾರುತ್ತೇವೆ. ನಾನು ಹೆಚ್ಚು ಮಾತಾಡುವವನಲ್ಲ. ಮಾತಿಲ್ಲದ ಜಾಗಗಳು ನನಗೆ ಮೊದಲಿನಿಂದಲೂ ಇಷ್ಟ. ಕಾಲೇಜಿನಲ್ಲಿ ಇದನ್ನು ಗಾಂಭೀರ್ಯ ಎಂದು ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ.

ನವೆಂಬರಿನಲ್ಲಿ ಒಂದು ದಿನ ಅಪ್ಪಾಸಾಬ ಬಂದರು. ಊರ ಕಡೆಯಿಂದ ಗಣಿಗೆ ಕೂಲಿಯಾಳುಗಳನ್ನು ತರುವ ಗುತ್ತಿಗೆ ಅವರದು. ಎಲ್ಲರೂ ಮುಕಾದಮ್ರು ಅನ್ನುತ್ತಾರೆ. ಐವತ್ತೈದರ ಆಸುಪಾಸು. ಬಂದೂಕಿನ ಮೇಲೆ ಕೂರಿಸುವ ದುರ್ಬೀನು ಬೇಕೆಂದರು. ನಾನು ಎರಡು ಪೆಟ್ಟಿಗೆ ತೆಗೆದಿಟ್ಟೆ.

“ಏ ಮಾಸ್ತರ, ಇವೆರಡರಾಗ ಯಾವುದು ಚಲೋ? ಸಣ್ಣ ಬಾಯಿದೋ, ದೊಡ್ಡ ಬಾಯಿದೋ?”

“ಯಾತಕ್ಕ ಬೇಕ್ರಿ?”

“ಹಂದಿ ಓಡಸಾಕ. ಸಾಹೇಬ್ರ ಗೇರು ತ್ವಾಟದಾಗ ಹಂದಿ ಕಾಟ ಭಾಳ ಆಗೇತಿ.” ಸ್ವಲ್ಪ ತಡೆದು ನಕ್ಕರು. “ಹಂದಿಗೆ ಕೋಡ ಇದ್ರ ಜಿಂಕಿ ಅಂತ ತಿಳಕೊ.”

ಹೊಸ ವರ್ಷಕ್ಕೆ ಗಣಿಯ ಸಾಹೇಬರ ಮನೆಯಲ್ಲಿ ದೊಡ್ಡ ಊಟವಿತ್ತು. ಆ ಊಟದಲ್ಲೇ ಮುಂದಿನ ವರ್ಷದ ಗುತ್ತಿಗೆಯ ಮಾತಾಗುವುದು ಪದ್ಧತಿ. ಬಂದೂಕು ಸಾಹೇಬರದು, ಗುರಿ ಅಪ್ಪಾಸಾಬರದು, ಎಲೆಗೆ ಬೀಳಬೇಕಾದದ್ದು ಜಿಂಕೆ. ಜಿಂಕೆ ಹೊಡೆಯುವುದು ಅಪರಾಧ ಎಂದು ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಸುಮ್ಮನಿದ್ದೆ. (ಗಾಂಭೀರ್ಯ.)

“ಎಷ್ಟೊತ್ತಿಗೆ ಹೋಗೂದ್ರಿ?”

“ನಸಿಕಿನ್ಯಾಗ. ಬೆಳಕ ಹರದ ಮ್ಯಾಲ ಜಿಂಕಿ ನಿನ್ನ ಹಾದಿ ಕಾಯ್ಕೋತ ನಿಂದರತಾವೇನು?”

ಈಗ ಸ್ವಲ್ಪ ಭೌತಶಾಸ್ತ್ರ. ಬೇಡದವರು ಒಂದು ಪ್ಯಾರಾ ಹಾರಿಸಬಹುದು. ಆದರೆ ಸತ್ಯವ್ವ ಸತ್ತದ್ದು ಈ ಪ್ಯಾರಾದಲ್ಲೇ.

ಎರಡೂ ದುರ್ಬೀನು ಹತ್ತು ಪಟ್ಟು ಹತ್ತಿರ ತೋರಿಸುವಂಥವು. ಪಟ್ಟು ಹೆಚ್ಚುಕಡಿಮೆ ಮಾಡಲು ಬರುವುದಿಲ್ಲ. ಒಂದರ ಮುಂದಿನ ಗಾಜಿನ ಅಗಲ ನಲವತ್ತು ಮಿಲಿಮೀಟರ್, ಇನ್ನೊಂದರದು ಐವತ್ತು. ಮುಂದಿನ ಗಾಜು ಬೆಳಕನ್ನು ಹಿಡಿಯುವ ಬೊಗಸೆ ಇದ್ದ ಹಾಗೆ. ಅದರ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬಂದು ತಲುಪುವ ಬೆಳಕಿನ ಬೊಟ್ಟು ಎಷ್ಟು ಅಗಲ ಎಂಬುದು ಸಿಗುತ್ತದೆ. ನಲವತ್ತಕ್ಕೆ ನಾಲ್ಕು, ಐವತ್ತಕ್ಕೆ ಐದು. ಐವತ್ತು ದಾಟಿದವನ ಕಣ್ಣಪಾಪೆ ಕತ್ತಲಲ್ಲಿ ಅರಳುವುದು ಹೆಚ್ಚೆಂದರೆ ಐದು. ಹಾಗಾಗಿ ನಲವತ್ತರದು ಅವರಿಗೆ ಕಡಿಮೆಯಾಗುತ್ತದೆ. ಐವತ್ತಕ್ಕಿಂತ ದೊಡ್ಡದು ತಂದರೆ ಹೆಚ್ಚಿನ ಬೆಳಕು ಪಾಪೆಯ ಹೊರಗೆ ಬಿದ್ದು ದಂಡವಾಗುತ್ತದೆ. ಐವತ್ತು ಸ್ವಲ್ಪ ಭಾರ, ಬಂದೂಕಿಗೆ ಕಚ್ಚಿಸಲು ಎತ್ತರದ ಲೋಹದ ಬಳೆ ಹಾಕಬೇಕು, ಗುರಿ ಹಿಡಿಯುವಾಗ ಗಲ್ಲ ಬಂದೂಕಿನ ಹಿಡಿಗೆ ಸರಿಯಾಗಿ ಒರಗುವುದಿಲ್ಲ. ಆದರೂ ನಸುಕಿಗೆ ಐವತ್ತೇ ಸರಿ.

ಆರು ವರ್ಷದಲ್ಲಿ ಮೊದಲ ಸಲ ನಾನು ಕಲಿತದ್ದು ಕೆಲಸಕ್ಕೆ ಬಂದಿತ್ತು. ಖುಷಿಯಿಂದ ನನ್ನ ಕಿವಿ ಬಿಸಿಯಾಗಿತ್ತು.

“ಇಷ್ಟೆಲ್ಲಾ ನನಗ ತಿಳಿಯೂದಿಲ್ಲೋ ಮಾರಾಯಾ. ಒಂದ ಮಾತಿನ್ಯಾಗ ಹೇಳು.”

“ನಲವತ್ತು ತಗೊಂಡ್ರ ಬೆಳಕಾಗೂತನಕ ಕಾಯಬೇಕ್ರಿ. ಐವತ್ತರೊಳಗ ಹತ್ತು ನಿಮಿಷ ಮೊದಲ ಬೆಳಕಾಗತೈತಿ.”

“ಹತ್ತು ನಿಮಿಷ ಮೊದಲ!” ಅಪ್ಪಾಸಾಬ ಮೇಜು ಕುಟ್ಟಿದರು. “ಮಾಲಕ್ರ, ನಿಮ್ಮ ಹುಡುಗ ಸೂರ್ಯಾಗ ಲಂಚಾ ಕೊಟ್ಟಾನ್ರಿ!”

ಮಾಲಕರೂ ನಕ್ಕರು. ನಾನೂ ನಕ್ಕೆ. ಬದುಕಿನಲ್ಲಿ ಬರೆದ ಹಾಗೂ ಆಡಿದ ವಾಕ್ಯಗಳಲ್ಲೆಲ್ಲ ಒಂದಾದರೂ ಪರಿಣಾಮ ಮಾಡಿದ್ದರೆ ಅದು ಇದೊಂದೇ.

೪

(ಮೂರನ್ನು ತೆಗೆದಿದ್ದೇನೆ. ಅದರಲ್ಲಿ ನಾನು ಅಳುತ್ತಿದ್ದೆ. ಓದಿ ನೋಡಿದರೆ ನನಗೇ ನಂಬಿಕೆ ಬರಲಿಲ್ಲ.)

ಗಣಿಯ ಹಿಂದೆ ಕೂಲಿಗಳ ಜೋಪಡಿಗಳ ಸಾಲು ಇದೆ. ನಲವತ್ತು ಜೋಪಡಿ. ಸಂಡಾಸು ಒಂದೂ ಇಲ್ಲ. ಗಂಡಸರು ಯಾವಾಗ ಬೇಕಾದರೂ ಹೋಗುತ್ತಾರೆ. ಹೆಂಗಸರು ಬೆಳಕು ಹರಿಯುವ ಮೊದಲು ಗುಡ್ಡದ ಕಡೆ ಹೋಗಿ, ಬೆಳಕು ಹರಿಯುವ ಹೊತ್ತಿಗೆ ಬಂದು ರೊಟ್ಟಿ ಬಡಿಯುತ್ತಿರುತ್ತಾರೆ. ಜಿಂಕೆ ನೀರಿಗೆ ಇಳಿಯುವ ಹೊತ್ತೂ ಅದೇ. ಜಿಂಕೆಗೂ ಹೆಂಗಸರಿಗೂ ಬೇಕಾದದ್ದು ಒಂದೇ: ತಮ್ಮನ್ನು ಯಾರೂ ನೋಡಬಾರದು.

ಅಪ್ಪಾಸಾಬರಿಗೆ ಇದು ಗೊತ್ತಿರಲಿಲ್ಲವೇ? ಅವರ ತಾಯಿಯೂ ಹೀಗೇ ಬಯಲಿಗೆ ಹೋದವಳು. ನಮ್ಮ ಕಡೆ ಒಂದು ರೀತಿ ಇದೆ. ನಸುಕಿನಲ್ಲಿ ಆ ಕಡೆ ಹೋಗುವ ಗಂಡಸು ದೂರದಿಂದಲೇ ಕೆಮ್ಮುತ್ತಾನೆ. ಕೆಮ್ಮು ಕೇಳಿದ ಹೆಂಗಸು ತಟ್ಟನೆ ಎದ್ದು ನಿಲ್ಲುತ್ತಾಳೆ. ಅವನು ಮುಖ ತಿರುಗಿಸಿ ದಾಟಿ ಹೋಗುತ್ತಾನೆ. ಯಾರೂ ಯಾರಿಗೂ ಕಲಿಸದೆ ಎಲ್ಲರಿಗೂ ಬರುವ ಮರ್ಯಾದೆ ಅದು. ಅಪ್ಪಾಸಾಬರು ಐವತ್ತು ವರ್ಷ ಕೆಮ್ಮಿದವರು.

ಆ ದಿನ ಕೆಮ್ಮಲಿಲ್ಲ. ಕೆಮ್ಮಿದರೆ ಜಿಂಕೆ ಓಡುತ್ತದೆ.

ಇಲ್ಲಿಂದ ಮುಂದೆ ನಾನು ಲೇಖಕ. ಏನು ಬೇಕಾದರೂ ಬದಲಿಸಬಹುದು.

ಒಂದನೇ ಕೊನೆ. ನಾನು ನಲವತ್ತು ಮಾರುತ್ತೇನೆ. ಅಪ್ಪಾಸಾಬ ಕಲ್ಲಿನ ಹಿಂದೆ ಕೂತು ದುರ್ಬೀನಿನಲ್ಲಿ ನೋಡುತ್ತಾರೆ. ಕಪ್ಪು. ಬೈಯುತ್ತಾರೆ, ನನ್ನನ್ನೇ. ಹತ್ತು ನಿಮಿಷ ಕಾಯುತ್ತಾರೆ. ಅಷ್ಟರಲ್ಲಿ ಸತ್ಯವ್ವ ಜೋಪಡಿಗೆ ಮರಳಿ ಒಲೆ ಹಚ್ಚಿರುತ್ತಾಳೆ. ಜಿಂಕೆ ಬರುತ್ತದೆ, ಸಾಯುತ್ತದೆ. (ಮೇಲೆ ಕೊಟ್ಟ ಮಾತು ತಪ್ಪಿದೆ, ಕ್ಷಮಿಸಿ.) ಸಾಹೇಬರು ಉಣ್ಣುತ್ತಾರೆ. ಸತ್ಯವ್ವ ಬದುಕಿರುತ್ತಾಳೆ, ಹಾಗಾಗಿ ನಾನು ಅವಳ ಬಗ್ಗೆ ಒಂದು ಸಾಲೂ ಬರೆಯುವುದಿಲ್ಲ.

ಎರಡನೇ ಕೊನೆ. ನಲವತ್ತೇ ಮಾರುತ್ತೇನೆ. ಆದರೆ ಅಪ್ಪಾಸಾಬ ಕಾಯುವುದಿಲ್ಲ. ಮಬ್ಬಿನಲ್ಲಿ ಏನೋ ಅಲ್ಲಾಡುತ್ತದೆ, ಹೊಡೆಯುತ್ತಾರೆ. ಈಗ ಜನ ಹೇಳುತ್ತಾರೆ: ದೊಡ್ಡ ಗಾಜು ಕೊಟ್ಟಿದ್ದರೆ ಅದು ಹೆಂಗಸು ಎಂದಾದರೂ ಕಾಣುತ್ತಿತ್ತು. ಅಲ್ಲಿಗೆ ತಪ್ಪು ಮತ್ತೆ ನನ್ನದೇ.

ಮೂರನೇ ಕೊನೆ. ಅಪ್ಪಾಸಾಬರಿಗೆ ಆ ದಿನ ನೆಗಡಿ. ತಡೆದುಕೊಂಡರೂ ಕೆಮ್ಮು ಬಂದುಬಿಡುತ್ತದೆ. ಪೊದೆಯ ಹಿಂದೆ ಸತ್ಯವ್ವ ಎದ್ದು ನಿಲ್ಲುತ್ತಾಳೆ. ಬಂದೂಕು ಇಳಿಯುತ್ತದೆ. ನನಗೆ ತುಂಬ ಹಿಡಿಸಿದ ಕೊನೆ ಇದು. ಆದರೆ ಅಪ್ಪಾಸಾಬ ಒಪ್ಪಲಿಲ್ಲ.

“ಬ್ಯಾಟಿಗೆ ಕುಂತಾಂವ ಕೆಮ್ಮತಾನೇನೋ ಹುಚಪ್ಯಾಲಿ? ಬಾಯಾಗ ಟಾವೆಲ್ ತುರಕೊಂಡ ಕುಂತಿದ್ದೆ ನಾ.”

“ಒಮ್ಮೆ ಕೆಮ್ಮಿದ್ರ ಏನ ಹೋಗತಿತ್ರಿ?”

“ನಲವತ್ತ ಜೋಪಡಿ ಹೋಗತಿದ್ವು. ಗುತ್ತಿಗಿ ತಪ್ಪಿದ್ರ ಅವರಿಗೆ ಕೂಳ ನೀ ಹಾಕತಿದ್ದೇನು? ಕಥಿ ಬರಿಯಾಂವ!” ನಂತರ ದನಿ ತಗ್ಗಿಸಿ ಕೇಳಿದರು: “ಅಲ್ಲಾ, ಹತ್ತು ನಿಮಿಷ ಮೊದಲ ಅಂತ ಹೇಳಿದಾಂವ ಯಾರು? ಅದನ್ನ ಬರದೀಯೋ ಇಲ್ಲೋ?”

ಬರೆದಿದ್ದೇನೆ. ಮೇಲೆ ಇದೆ. ಆದರೂ ಅವರ ಮುಂದೆ ನಾನು ಸುಮ್ಮನಾದೆ. ನಾನೇ ಮಾಡಿದ ಪಾತ್ರದ ಮುಂದೆ.

೪ (ಮತ್ತೆ)

ಗಾಜು ಬದಲಿಸಿದೆ, ಹವೆ ಬದಲಿಸಿದೆ, ಒಂದು ಡ್ರಾಫ್ಟಿನಲ್ಲಿ ಮಂಜು ಕವಿಸಿದೆ, ಇನ್ನೊಂದರಲ್ಲಿ ಬಂದೂಕು ಕೆಡಿಸಿದೆ. ಪ್ರತಿ ಸಲವೂ ಸತ್ಯವ್ವ ತಂಬಿಗೆ ಹಿಡಿದು ಅದೇ ದಾರಿಯಲ್ಲಿ ನಡೆದು ಬಂದಳು. ಕೊನೆಗೊಮ್ಮೆ ನಿಂತು ನನ್ನ ಕಡೆ ತಿರುಗಿದಳು.

“ತಮ್ಮಾ, ಎಷ್ಟ ಸಲ ಆತು?”

“ಐದು.”

“ಐದ ಸಲ ಗಾಜು ಬಂದೂಕಿನ ಹೊಂದಿಕಿ ನೋಡಿದಿ. ಒಂದ ಸಲನೂ ನಮಗೊಂದ ಸಂಡಾಸ ಕಟ್ಟಸಲಿಲ್ಲಲಾ.”

ನಾನು ಪೆನ್ನಿನ ಕ್ಯಾಪು ಹಾಕಿ ತೆಗೆದೆ.

“ಕಾಗದದಾಗ ಕಟ್ಟಾಕ ಇಟ್ಟಂಗಿ ಬೇಕೇನು, ಸಿಮಿಟ ಬೇಕೇನು? ಒಂದ ಸಾಲ ಬರದಿದ್ರ ಆಗತಿತ್ತು. ನಿನಗ ಅದು ಹೊಳೀಲೇ ಇಲ್ಲ. ಯಾಕಂದ್ರ ನಾ ಬಯಲಿಗೆ ಹೋಗೂದು ನಿನಗೂ ಹಗಲಾಗೂದು, ಕತ್ತಲಾಗೂದು ಇದ್ದಂಗ.”

ಆದ್ದರಿಂದ ನಾಲ್ಕನೇ ಕೊನೆ. ಜೋಪಡಿಗಳ ಪಕ್ಕ ನಾಲ್ಕು ಸಂಡಾಸು. ಹಸಿರು ಬಣ್ಣದ ಬಾಗಿಲು, ಒಳಗೆ ಚಿಲಕ, ನೀರಿನ ಡ್ರಮ್ಮು. ಮನಸ್ಸಿಟ್ಟು ಕಟ್ಟಿದೆ. ಮರುದಿನದ ಪ್ಯಾರಾಕ್ಕೆ ಬರುವಷ್ಟರಲ್ಲಿ ಗಣಿ ಆಫೀಸಿನವರು ಅವಕ್ಕೆ ಬೀಗ ಹಾಕಿದ್ದರು. ಸಾಹೇಬರ ಕಡೆಯ ಜನ ನೋಡಲು ಬಂದಾಗ ಮಾತ್ರ ತೆಗೆಯುವುದಂತೆ. ಇದನ್ನು ನಾನು ಬರೆಯಲಿಲ್ಲ. ಬೀಗ ತಾನಾಗಿಯೇ ಬಂದು ಕೂತಿತು. ಸತ್ಯವ್ವ ಬೀಗ ಅಲ್ಲಾಡಿಸಿ ನೋಡಿದಳು, ನಕ್ಕಳು, ತಂಬಿಗೆ ಹಿಡಿದು ಗುಡ್ಡದ ಕಡೆ ನಡೆದಳು.

ನಡೆಯುತ್ತ ಹೇಳಿದಳು: “ಐತವಾರದ ಸುದ್ದಿ ಯಾವಾಗ ಬರಿಯಾಂವ ನೀ? ಬರದ ಬಿಡು. ಅದನ್ನ ಬಿಟ್ಟು ಎಲ್ಲಾ ಬರಿಯಾಕತ್ತಿ.”

೫

ಭಾನುವಾರದ ಸುದ್ದಿ.

ದುರ್ಬೀನನ್ನು ಬಂದೂಕಿಗೆ ಕೂರಿಸಿ ಗುರಿ ಹೊಂದಿಸಿಕೊಡಲು ಅಪ್ಪಾಸಾಬ ನನ್ನನ್ನೇ ಉಸಗಾಂವಕ್ಕೆ ಕರೆದಿದ್ದರು. ಬಸ್ಸಿನಲ್ಲಿ ಹೋದೆ. ಅಲ್ಲಿ ಎಲ್ಲವೂ ಕೆಂಪು: ರಸ್ತೆ, ಗೇರು ಎಲೆ, ಟ್ರಕ್ಕು, ನಾಯಿ, ಒಣಗಲು ಹಾಕಿದ ಬಟ್ಟೆ. ಅದಿರಿನ ಧೂಳು ತೊಳೆದರೂ ಹೋಗುವುದಿಲ್ಲ. ಗುಡ್ಡದ ಬುಡದ ಶೆಡ್ಡಿನಲ್ಲಿ ಕೂತು ಬಳೆ ಬಿಗಿದೆ. ಸಂಜೆಯ ಮಬ್ಬು ಬೆಳಕಿಗೇ ಕಾದೆವು, ನಸುಕಿಗೆ ಹೊಂದಬೇಕಲ್ಲ. ಮೊದಲು ನೋಡಿದವನು ನಾನು.

ಐವತ್ತರ ಗಾಜಿನಲ್ಲಿ ಗುಡ್ಡ ತಿಳಿಯಾಗಿ ಎದ್ದು ಬಂತು. ಪೊದೆಯ ಪಕ್ಕ ಕೆಂಪು ಮೈ, ಬಾಗಿದ ಬೆನ್ನು, ಕತ್ತು ತಗ್ಗಿಸಿ ಮೇಯುತ್ತಿತ್ತು. ಜಿಂಕೆ. “ಅಲ್ಲೈತ್ರಿ” ಎಂದು ಪಿಸುಗುಟ್ಟಿದೆ. ಅಪ್ಪಾಸಾಬ ಬಂದೂಕು ಈಸಿಕೊಂಡು ಕಣ್ಣಿಟ್ಟರು. ಆ ಕೆಂಪು ಮೈ ನೆಟ್ಟಗಾಯಿತು. ಕೊಡವನ್ನು ಸೊಂಟಕ್ಕೆ ಏರಿಸಿತು.

“ಥೂ! ದೇವಪ್ಪನ ಹೇಣ್ತಿ” ಅಂದರು. ಇಬ್ಬರೂ ನಕ್ಕೆವು.

ಅರ್ಧ ತಾಸಿನ ಮೇಲೆ ಅವಳೇ ಸ್ಟೀಲ್ ಲೋಟದಲ್ಲಿ ಚಹಾ ತಂದಳು. ನನ್ನ ಮುಂದಿಟ್ಟು, “ಅಲ್ಲಿಂದ ಏನೋ ಹಚ್ಚಿ ನನ್ನ ಕಡೆ ನೋಡಾಕತ್ತಿದ್ರಿ. ಏನ ಕಾಣತಿತ್ತ್ರಿ?” ಎಂದು ಕೇಳಿದಳು. ನಾನು ಏನೂ ಹೇಳಲಿಲ್ಲ.

ಇಷ್ಟು ತಿಳಿದಿದ್ದವನು ನಾನು. ಗಾಜು ಬೆಳಕನ್ನು ಹೆಚ್ಚಿಸುತ್ತದೆ, ಬೇರೆ ಏನನ್ನೂ ಹೆಚ್ಚಿಸುವುದಿಲ್ಲ. ಉಸಗಾಂವದಲ್ಲಿ ಹೆಚ್ಚು ಬೆಳಕು ಎಂದರೆ ಹೆಚ್ಚು ಕೆಂಪು, ಅಷ್ಟೆ. ‘ಮುಕಾದಮ್ರ, ಇದರೊಳಗ ಮಂದಿ ಜಿಂಕಿಯಂಗ ಕಾಣತಾರ’ ಎಂದು ಒಂದು ಮಾತು ಹೇಳಬಹುದಿತ್ತು. ಚಹಾ ಕುಡಿದೆ. ಕೊನೆಯ ಬಸ್ಸು ಹಿಡಿದೆ. ದಾರಿಯುದ್ದಕ್ಕೂ, ಎಷ್ಟು ಸರಿಯಾಗಿ ಗುರಿ ಹೊಂದಿಸಿದೆ ಎಂದು ಯೋಚಿಸುತ್ತಿದ್ದೆ.

ಅವಳನ್ನು ಮೊದಲು ಜಿಂಕೆ ಅಂದುಕೊಂಡವನು ನಾನು. ಅಪ್ಪಾಸಾಬರು ಎರಡನೆಯವರು.

೬

ಈಗ ಅಪ್ಪಾಸಾಬ ತಾವು ಯಾವ ಬಂದೂಕನ್ನೂ ಮುಟ್ಟಿಯೇ ಇಲ್ಲ ಅನ್ನುತ್ತಾರೆ. ಜೋಪಡಿಯವರು ಯಾರೂ ಬಾಯಿ ಬಿಡುವುದಿಲ್ಲ, ಜೋಪಡಿಯವರ ಕೆಲಸ ಅಪ್ಪಾಸಾಬರ ಕೈಯಲ್ಲಿದೆ. ಬಂದೂಕನ್ನು ಅವರ ಕೈಯಲ್ಲಿ ಕಂಡ ಹೊರಗಿನವನು ನಾನೊಬ್ಬನೇ.

ಮಧ್ಯಾಹ್ನ ಶಿವಲಿಂಗಪ್ಪ ಮಾಲಕರು ಊಟಕ್ಕೆ ಏಳುವ ಮುಂಚೆ ನನ್ನ ಮೇಜಿನ ಹತ್ತಿರ ಬಂದು, ಹೊರಗಿನ ಬೆಂಚಿನ ಕಡೆ ನೋಡದೆ ಹೇಳಿದರು:

“ನೋಡಪಾ, ನಿನಗ ತಿಳಿಸಿ ಹೇಳೂದೇನೈತಿ, ಕಲತಾಂವ ಇದ್ದಿ. ನಾವಿಲ್ಲಿ ಹೊರಗಿನ ಮಂದಿ. ಅರ್ಜಿ ಬರಕೊಡು, ಪುಣ್ಯದ ಕೆಲಸ. ಆದ್ರ ನಿನ್ನ ಹೆಸರ ಹಾಕಬ್ಯಾಡ. ನಿನ್ನ ಹೆಸರ ಬಂದ್ರ ಅಂಗಡಿ ಹೆಸರೂ ಬರತೈತಿ.”

ಅವರು ಕೆಟ್ಟವರಲ್ಲ. ಕೆಟ್ಟವರೆಂದು ಬರೆದಿದ್ದರೆ ನನಗೆ ಸುಲಭವಾಗುತ್ತಿತ್ತು. ಒಂದು ಡ್ರಾಫ್ಟಿನಲ್ಲಿ ಹಾಗೆ ಬರೆದೂ ನೋಡಿದೆ. ಅವರ ಬಾಯಿಗೆ ಹಾಕಿದ ಪ್ರತಿ ಮಾತೂ ನನ್ನ ದನಿಯಲ್ಲೇ ಕೇಳುತ್ತಿತ್ತು.

೭

ದೇವಪ್ಪ ಒಳಗೆ ಬಂದ. ತಲೆಯ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಆತೇನ್ರಿ ಸರ?”

ಮೇಜಿನ ಮೇಲೆ ಹನ್ನೊಂದು ಪುಟ ಇದ್ದವು. ಅವನು ಓದಿದವನಲ್ಲ. ಪುಟಗಳ ದಪ್ಪವನ್ನು ನೋಡಿದ.

“ಅರ್ಜಿ ಇಷ್ಟುದ್ದ ಇರತೈತೇನ್ರಿ?”

“ಕೆಲವೊಮ್ಮೆ ಇರತೈತಿ.”

“ಆಕಿ ಹೆಸರ ಬಂದೈತೇನ್ರಿ ಇದರಾಗ?”

“ಬಂದೈತಿ. ಭಾಳ ಸಲ.”

“ಮುಕಾದಮ್ರ ಹೆಸರು?”

“ಅದೂ ಬಂದೈತಿ.”

ಅವನು ಟವೆಲ್ಲನ್ನು ಮಡಚಿದ. ಆಮೇಲೆ ನಿಧಾನವಾಗಿ, ತಾನೇ ಏನೋ ತಪ್ಪು ಮಾಡಿದವನ ಹಾಗೆ ಹೇಳಿದ:

“ಸರ, ಅರ್ಜಿ ಬರಿಯಾವ್ರು ಈ ಪಣಜಿಯೊಳಗ ಭಾಳ ಮಂದಿ ಅದಾರ್ರಿ. ಕೋರ್ಟ ಮುಂದ ಸಾಲ ಹಿಡದ ಕುಂತಾರ, ಒಂದ ತಾಸಿನ್ಯಾಗ ಬರಕೊಡತಾರ. ನಾ ಅವರ್ನೆಲ್ಲಾ ಬಿಟ್ಟು ನಿಮ್ಮ ಕಡೆ ಯಾಕ ಬಂದೀನಿ?”

ನಾನು ಪುಟಗಳನ್ನು ಸರಿಯಾಗಿ ಜೋಡಿಸತೊಡಗಿದೆ.

“ಅವತ್ತ ಐತವಾರ ನೀವು ಬಂದಿದ್ರಲ್ರಿ. ಆಕಿ ಚಾ ಕೊಟ್ಟ ಬಂದು ನನ್ನ ಮುಂದ ಹೇಳಿದ್ಳು. ಪಣಜಿಯಿಂದ ಕನ್ನಡ ಮಾತಾಡೂ ಸರ ಬಂದಾರ, ಬಂದೂಕಿಗೆ ಏನೋ ಹಚ್ಚಿ ಕೊಡಾಕತ್ತಾರ, ಭಾಳ ಸಂಭಾವಿತ ಅದಾರ, ಮಾತೇ ಆಡೂದಿಲ್ಲ ಅಂತ.”

ಮಾತೇ ಆಡೂದಿಲ್ಲ. ಇಷ್ಟು ವರ್ಷದಲ್ಲಿ ನನ್ನ ಬಗ್ಗೆ ಯಾರೋ ಹೇಳಿದ ಒಳ್ಳೆಯ ಮಾತು.

ಮೇಜಿನ ಮೇಲಿದ್ದ ಸ್ಟಾಂಪ್ ಪ್ಯಾಡನ್ನು ಅವನೇ ಎಳೆದುಕೊಂಡ. ಎಡಗೈ ಹೆಬ್ಬೆರಳನ್ನು ಒತ್ತಿದ. ಬೆರಳಿನ ಗೆರೆಗಳಲ್ಲಿ ಕೆಂಪು ಧೂಳು ಕೂತೇ ಇತ್ತು, ಅದರ ಮೇಲೆ ನೀಲಿ ಹತ್ತಿತು. ಕೊನೆಯ ಪುಟದಲ್ಲಿ ಕೆಳಗೆ ಖಾಲಿ ಉಳಿದ ಜಾಗ ನೋಡಿ ಹೆಬ್ಬೆಟ್ಟು ಒತ್ತಿದ. ನಾನು ತಡೆಯಬಹುದಿತ್ತು. ಇದು ಅರ್ಜಿಯಲ್ಲ ದೇವಪ್ಪಾ, ಕಥೆ ಎಂದು ಹೇಳಬಹುದಿತ್ತು.

“ಮ್ಯಾಲ ಏನ ಬರದೀರಿ, ನನಗ ತಿಳಿಯೂದಿಲ್ರಿ. ಕೆಳಗ ನಂದೈತಿ. ಬಾಜೂಕ ನಿಮ್ದು ಬರೀರಿ. ಅಷ್ಟ ಸಾಕು ನನಗ. ನಾ ಹೊರಗ ಕುಂತಿರತೇನಿ.”

ಹೋಗಿ ಬೆಂಚಿನ ಮೇಲೆ ಕೂತ.

೮

ಕೊನೆ ಬೇಕಿದ್ದವರು ಮೇಲಿನ ನಾಲ್ಕರಲ್ಲಿ ಒಂದನ್ನು ಆರಿಸಿಕೊಳ್ಳಿ. ಒಂದನೆಯದರಲ್ಲಿ ಅವಳು ಬದುಕಿದ್ದಾಳೆ. ಮೂರನೆಯದನ್ನು ಯಾವ ಪತ್ರಿಕೆಯಾದರೂ ಹಾಕಿಕೊಳ್ಳುತ್ತದೆ. ಐದನೆಯದೊಂದನ್ನೂ ಯೋಚಿಸಿದ್ದೆ: ನಾನು ಹೆಸರು ಬರೆಯುತ್ತೇನೆ, ಊರಿನಲ್ಲಿ ಮಣ್ಣು ತೆಗೆಯುತ್ತಾರೆ, ಗುಂಡು ಸಿಗುತ್ತದೆ. ಆರನೆಯದರಲ್ಲಿ ನಾನು ಹೆಸರು ಬರೆಯುತ್ತೇನೆ, ಅರ್ಜಿ ಯಾವುದೋ ಕಪಾಟಿನಲ್ಲಿ ಉಳಿಯುತ್ತದೆ, ನನ್ನ ಕೆಲಸ ಮಾತ್ರ ಹೋಗುತ್ತದೆ. ಐದು ಮತ್ತು ಆರರಲ್ಲಿ ಯಾವುದು ಆಗುತ್ತದೆಂದು ಲೇಖಕನಿಗೆ ಗೊತ್ತಿಲ್ಲ. ಎರಡಕ್ಕೂ ಮೊದಲ ಸಾಲು ಒಂದೇ ಎಂದು ಗೊತ್ತಿದೆ.

ಹೊರಗೆ ದೇವಪ್ಪ ಕೆಮ್ಮಿದ.

ಧೂಳಿನ ಕೆಮ್ಮು ಇರಬಹುದು, ಗಣಿಯವರೆಲ್ಲರಿಗೂ ಇರುತ್ತದೆ. ಇಲ್ಲಿ ಒಬ್ಬ ಮನುಷ್ಯ ಇದ್ದಾನೆ ಎಂದು ತಿಳಿಸುವ ಕೆಮ್ಮೂ ಇರಬಹುದು. ಕೆಮ್ಮು ಕೇಳಿದವರು ಎದ್ದು ನಿಲ್ಲಬೇಕು. ಅದು ನಮ್ಮ ಕಡೆಯ ರೀತಿ.

ಮತ್ತೆ ಕೆಮ್ಮಿದ.

ನಾನು ಕೂತೇ ಇದ್ದೇನೆ. ಪೆನ್ನು ಕೈಯಲ್ಲಿದೆ.

ಇದು ದೇವಪ್ಪನ ಎಡಗೈ ಹೆಬ್ಬೆಟ್ಟಿನ ಗುರುತು.

ಬರೆದವನು, ಹಾಗೂ ಬಂದೂಕನ್ನು ಕಣ್ಣಾರೆ ಕಂಡವನು: